ಬಿಡಿಎಸ್‌ಎಂ ಕಾಲರ್ ಮೊದಲ ಸಲ ಕೊಳ್ಳುವಾಗ ಅಳತೆ ಹೇಗೆ, ಏನೇನು ನೋಡಬೇಕು?

ಬಿಡಿಎಸ್‌ಎಂಗೆ, ಅಂದರೆ ಒಬ್ಬರು ಆಳುವ, ಇನ್ನೊಬ್ಬರು ಶರಣಾಗುವ, ಇಬ್ಬರೂ ಒಪ್ಪಿ ಆಡುವ ಆಟಕ್ಕೆ, ಸಂಗಾತಿಗೆ ಕಾಲರ್ (ಕತ್ತಿಗೆ ಕಟ್ಟುವ ಪಟ್ಟಿ) ತರಬೇಕು, ಆನ್‌ಲೈನಿನಲ್ಲಿ ಸಿಗುವುದೆಲ್ಲ ‘ಫ್ರೀ ಸೈಜ್’, ನಾಯಿಯ ಬೆಲ್ಟೇ ತಂದರೆ ಆಗದೇ, ರಾತ್ರಿಯಿಡೀ ಹಾಕಿಕೊಂಡಿರಬಹುದೇ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಕಾಲರ್ ಹಾಕಿಕೊಳ್ಳುವವಳು ನಾನು, ಬಕಲ್ ಬಿಗಿಯುವವರು ನನ್ನ ಗಂಡ. ಹಾಕಿಕೊಳ್ಳುವವಳಾಗಿ ಹೇಳುತ್ತೇನೆ: ಚೆಂದ, ಬೆಲೆ ಎಲ್ಲ ಆಮೇಲೆ. ಎಷ್ಟು ಬೇಗ ಬಿಚ್ಚಲು ಬರುತ್ತದೆ ಅನ್ನುವುದನ್ನು ಮೊದಲು ನೋಡಿ.

ಕತ್ತಿನ ಎರಡೂ ಪಕ್ಕ, ದವಡೆಯ ಕೆಳಗೆ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳಗಳಿವೆ. ಎರಡೂ ಒಟ್ಟಿಗೆ ಅದುಮಿಹೋದರೆ ಸುಮಾರು 10 ಸೆಕೆಂಡಿನಲ್ಲಿ ಎಚ್ಚರ ತಪ್ಪಬಹುದು. ಉಸಿರು ಸರಾಗವಾಗಿ ಆಡುತ್ತಿದ್ದರೂ ಹೀಗಾಗುತ್ತದೆ, ಹಾಗಾಗಿ ‘ಉಸಿರಾಡ್ತಿದ್ದಾಳಲ್ಲ’ ಎಂದು ಸುಮ್ಮನಿರುವಂತಿಲ್ಲ. ಕಾಲರ್ ಕತ್ತಿನ ಮೇಲೆ ಕೂತಿರಬೇಕು, ಕತ್ತನ್ನು ಒತ್ತಬಾರದು.

ಈಗ ಅಳತೆ. ದರ್ಜಿಯ ಟೇಪನ್ನು ಕಾಲರ್ ಕೂರುವ ಜಾಗದಲ್ಲೇ ಸುತ್ತಿ, ಒಳಗೆ ಎರಡು ಬೆರಳು ಚಪ್ಪಟೆಯಾಗಿ ಇಟ್ಟುಕೊಂಡೇ ಓದಿಕೊಳ್ಳಿ. ಆಮೇಲೆ ಕೂಡಿಸಿ ಕಳೆಯುವ ತಾಪತ್ರಯ ಇರುವುದಿಲ್ಲ. ನಿಂತಾಗ ಒಮ್ಮೆ, ಮಂಡಿಯೂರಿ ತಲೆ ಬಗ್ಗಿಸಿದಾಗ ಇನ್ನೊಮ್ಮೆ ಅಳೆಯಿರಿ, ದೊಡ್ಡದನ್ನೇ ಹಿಡಿಯಿರಿ. ಒಳಗೆ ಮೆತ್ತೆ ಇರುವ ಕಾಲರಾದರೆ ಇನ್ನೊಂದು ವಿಷಯ: ಪಟ್ಟಿ 5 ಮಿ.ಮೀ. ದಪ್ಪವಿದ್ದರೆ, ಬಿಡಿಸಿ ಅಳೆದ ಉದ್ದಕ್ಕಿಂತ ಒಳಸುತ್ತು ಸುಮಾರು ಒಂದೂವರೆ ಸೆಂ.ಮೀ. ಕಮ್ಮಿಯಾಗುತ್ತದೆ. ಎರಡು ಬೆರಳಿನ ಸಡಿಲದ ಬಹುಪಾಲು ಅದರಲ್ಲೇ ಹೋಗಿಬಿಡುತ್ತದೆ. ಫ್ರೀ ಸೈಜ್ ಮಾಲಿನಲ್ಲಿ ತೂತುಗಳ ನಡುವೆ ಒಂದಿಂಚು ಅಂತರ ಇದ್ದರೆ ಒಂದು ತೂತಿಗೆ ಬಿಗಿ, ಮುಂದಿನದಕ್ಕೆ ಜೋಲು. ಅರ್ಧ ಇಂಚಿಗೊಂದು ತೂತು ಇರುವುದನ್ನೇ ಹುಡುಕಿ.

ಅಗಲ 2.5ರಿಂದ 4 ಸೆಂ.ಮೀ. ಬಹುತೇಕರಿಗೆ ಸರಿಹೋಗುತ್ತದೆ. ಗಿಡ್ಡ ಕತ್ತಿಗೆ ಇನ್ನೂ ಅಗಲದ್ದು ಹಾಕಿದರೆ ಗದ್ದಕ್ಕೆ ತಾಗುತ್ತದೆ. ತೀರ ಸಣ್ಣ ಹುರಿ, ಸರಪಳಿ ಅಂದವಾಗಿ ಕಂಡರೂ ಎಳೆದಾಗ ಭಾರವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ಅವು ಬರೀ ಅಲಂಕಾರಕ್ಕಿರಲಿ.

ಕೈಗೆ ಬಂದ ಮೇಲೆ ಡಿ-ರಿಂಗಿನ (ಕಾಲರಿನಲ್ಲಿರುವ ‘D’ ಆಕಾರದ ಲೋಹದ ಬಳೆ) ಸುತ್ತ ಉಗುರು ಓಡಿಸಿ ನೋಡಿ. ಬೆಸುಗೆ ಹಾಕಿದ ರಿಂಗಾದರೆ ಉಗುರು ಜಾರಿಕೊಂಡು ಹೋಗುತ್ತದೆ, ಬರೀ ಬಗ್ಗಿಸಿ ಮುಚ್ಚಿದ್ದಾದರೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅದೇ ಸಂದಿಗೆ ಕೂದಲೂ ಚರ್ಮವೂ ಸಿಕ್ಕಿಕೊಳ್ಳುತ್ತವೆ. ಒಳಬದಿಯ ರಿವಿಟ್ಟುಗಳನ್ನು, ಪಟ್ಟಿಯ ಅಂಚನ್ನು ಒಳಮೊಣಕೈ ಮೇಲೆ ಉಜ್ಜಿಕೊಳ್ಳಿ. ಅಲ್ಲಿ ಚುಚ್ಚಿದ್ದು ಕತ್ತಿಗೂ ಚುಚ್ಚುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಬಣ್ಣ ಬಿಟ್ಟರೆ, ಬೆವರಿಗೂ ಬಿಡುತ್ತದೆ. ಸಂಗಾತಿಗೆ ಅಗ್ಗದ ಓಲೆ ಹಾಕಿದರೆ ಕಿವಿ ಸೋರುತ್ತದೆಯೇ, ಜೀನ್ಸ್ ಗುಂಡಿ ತಾಗುವಲ್ಲಿ ಹೊಟ್ಟೆ ಕೆರೆಯುತ್ತದೆಯೇ ಕೇಳಿ. ಹಾಗಿದ್ದರೆ ನಿಕ್ಕಲ್ ಅಲರ್ಜಿ ಇರಬಹುದು. ನಿಕ್ಕಲ್ ಲೇಪದ ಬಕಲ್ ಬೇಡ, ಚರ್ಮಕ್ಕೆ ಲೋಹ ತಾಗದಂತೆ ಒಳಪದರ ಇರುವುದನ್ನು ತನ್ನಿ.

ನಾಯಿಯ ಬೆಲ್ಟ್ ಆಗಲೇಬಾರದು ಅಂತಲ್ಲ. ಅದರ ನೈಲಾನ್ ಅಂಚು ಮನುಷ್ಯರ ಚರ್ಮವನ್ನು ತರಚುತ್ತದೆ, ಆದರೆ ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಹೊಸಬರಿಗೆ ನಿಜಕ್ಕೂ ಒಳ್ಳೆಯದು, ಒಂದೇ ಕೈಲಿ ತೆಗೆಯಬಹುದು. ಎಳೆದಷ್ಟೂ ಬಿಗಿಯುವ ಚೋಕ್ ಚೈನ್ ಮಾತ್ರ ಯಾವ ಕಾರಣಕ್ಕೂ ಮನುಷ್ಯರ ಕತ್ತಿಗೆ ಬೇಡ.

ಬೀಗದ ಕಾಲರ್ ಆಸೆ ಇದ್ದರೆ ಎರಡು ಕೀ ಇಡಿ. ಒಂದು ಅದೇ ಕೋಣೆಯಲ್ಲಿ, ಹಾಕಿಕೊಂಡವರ ಕೈಗೆ ಎಟಕುವ ಕಡೆ ಇರಬೇಕು. ಚರ್ಮದ್ದಾದರೆ ಆಂಬ್ಯುಲೆನ್ಸಿನವರು ಬಳಸುವಂಥ ಮೊಂಡು ತುದಿಯ ಕತ್ತರಿ ಹತ್ತಿರವಿರಲಿ. ಹಳೆಯ ಬೆಲ್ಟೊಂದನ್ನು ಕತ್ತರಿಸಿ ಅದರ ಹರಿತ ಪರೀಕ್ಷಿಸಿಕೊಳ್ಳಿ. ಸ್ಟೀಲ್ ಕಾಲರಿಗೆ ಆ ಕತ್ತರಿ ನಾಟುವುದೇ ಇಲ್ಲ. ಅದಕ್ಕೇ ಮೊದಲ ಕಾಲರ್ ಸ್ಟೀಲಿನದು ಬೇಡ ಅನ್ನುತ್ತೇನೆ.

ಲೀಶ್ (ರಿಂಗಿಗೆ ಸಿಕ್ಕಿಸಿ ಹಿಡಿಯುವ ಹಗ್ಗ ಅಥವಾ ಪಟ್ಟಿ) ಹಾಕುವುದಾದರೆ ರಿಂಗ್ ಮುಂದಿರಲಿ, ಹಿಡಿದವರೂ ಎದುರಿಗಿರಲಿ. ಆಗ ಎಳೆತ ಹಿಂಗತ್ತಿನ ಮೇಲೆ ಬೀಳುತ್ತದೆ, ಅದೂ ಮೆಲ್ಲಗಿರಬೇಕು. ಹಿಂದಿನಿಂದ ಎಳೆದರೆ ಗಂಟಲೇ ಅದುಮಿಹೋಗುತ್ತದೆ. ಕಿಟಕಿ ಸರಳಿಗೋ ಮಂಚದ ಕಾಲಿಗೋ ಕಾಲರನ್ನು ಎಂದೂ ಕಟ್ಟಬೇಡಿ. ಎಚ್ಚರ ತಪ್ಪಿ ಕುಸಿದರೆ ಮೈಭಾರವೆಲ್ಲ ಕತ್ತಿಗೆ. ಕಟ್ಟಲೇಬೇಕೆಂದರೆ ಎದೆಗೆ ಹಾಕುವ ಹಾರ್ನೆಸ್ ಇದೆ. ಆಟದ ನಂತರ ದನಿ ಒಡೆದರೆ, ನುಂಗಲು ನೋವಾದರೆ, ಅದು ಮರುದಿನವೇ ಶುರುವಾದರೂ ಸರಿ, ನಾಚಿಕೊಳ್ಳದೆ ಆಸ್ಪತ್ರೆಗೆ ಹೋಗಿ ಕತ್ತಿಗೆ ಒತ್ತಡ ಬಿದ್ದಿತ್ತೆಂದು ನೇರವಾಗಿ ಹೇಳಿ.

ರಾತ್ರಿಯಿಡೀ ಬೇಡ. ನಿದ್ದೆಯಲ್ಲಿ ಹೊರಳುವಾಗ ಕಾಲರ್ ಎಲ್ಲಿ ಜರುಗಿತು, ಯಾವುದಕ್ಕೆ ಸಿಕ್ಕಿಕೊಂಡಿತು ಅನ್ನುವುದು ಇಬ್ಬರಿಗೂ ತಿಳಿಯುವುದಿಲ್ಲ. ಒಬ್ಬರೇ ಇರುವಾಗಲೂ ಬೇಡ. ಮೊದಲ ದಿನ ಇಬ್ಬರೂ ಎಚ್ಚರವಿರುವಾಗ ಅರ್ಧ ಗಂಟೆ ಹಾಕಿ ನೋಡಿ. ನೀರು ಕುಡಿಯಲಿ, ಗದ್ದ ಎದೆಗೆ ಮುಟ್ಟಿಸಲಿ, ಎರಡೂ ಭುಜದತ್ತ ತಿರುಗಲಿ, ಜೋರಾಗಿ ಮಾತಾಡಲಿ. ಅವರು ‘ತೆಗಿ’ ಅಂದ ತಕ್ಷಣ ದೀಪ ಆರಿಸಿದ ಕೋಣೆಯಲ್ಲೂ ನಿಮ್ಮ ಕೈ ತಡಕಾಡದೆ ಬಕಲ್ ಬಿಚ್ಚುವಷ್ಟು ಅಭ್ಯಾಸ ಮಾಡಿಕೊಳ್ಳಿ.