ಪೊಟ್ಟಣದ ಹಿಂಬದಿಯ ಹೆಸರು

ಕಾಸರಗೋಡಿನ ಪೆರ್ಲದ ಓದುಗರೊಬ್ಬರು ಬರೆಯುತ್ತಾರೆ: "ಎಂಟಿಆರ್ ಸಾರಿನ ಪುಡಿಯ ಪೊಟ್ಟಣ ತಿರುಗಿಸಿ ನೋಡಿದರೆ ಓರ್ಕ್ಲಾ ಎಂದಿದೆ. ನಾರ್ವೆ ದೇಶದ ಕಂಪೆನಿಯಂತೆ. ಅಜ್ಜ ಖಾತೆ ತೆರೆದಿದ್ದ ವಿಜಯಾ ಬ್ಯಾಂಕಿನ ಬೋರ್ಡಂತೂ ಇಳಿದೇ ಹೋಯಿತು. ಒಂದು ಹೆಸರು ಉಳಿಯಿತು, ಇನ್ನೊಂದು ಅಳಿಯಿತು. ಇದನ್ನು ತೀರ್ಮಾನಿಸುವವರು ಯಾರು?"

ಮಾನ್ಯರೇ,

ಕೊಂಡವರೇ ತೀರ್ಮಾನಿಸುತ್ತಾರೆ. ಆ ಹೆಸರಿನ ಜಾಗಕ್ಕೆ ತಮ್ಮದೇ ಹೆಸರೊಂದು ಇದೆಯೇ ಎಂಬುದನ್ನು ಮೊದಲು ನೋಡುತ್ತಾರೆ. 1993ರಲ್ಲಿ ರಮೇಶ್ ಚೌಹಾಣರ ಪಾರ್ಲೆಯಿಂದ ತಂಪು ಪಾನೀಯಗಳ ಹೆಸರುಗಳನ್ನು ಕೋಕಾ-ಕೋಲಾ ಕೊಂಡಿತು. ಕಿತ್ತಳೆ ಪಾನೀಯಕ್ಕೆ ಅವರದೇ ಫ್ಯಾಂಟಾ ಇತ್ತು. ಪಾರ್ಲೆಯ ಕಿತ್ತಳೆ ಪಾನೀಯ ಗೋಲ್ಡ್ ಸ್ಪಾಟ್ ಅಂಗಡಿಗಳಿಂದ ಮರೆಯಾಯಿತು. ಆ ಲೆಕ್ಕದಲ್ಲಿ ಥಮ್ಸ್ ಅಪ್ ಕೂಡ ಹೋಗಬೇಕಿತ್ತು. ಆದರೆ ಜನ ಅದನ್ನೇ ಕೇಳುತ್ತಿದ್ದರು, ಅದು ಉಳಿಯಿತು. ಅಂಗಡಿಯ ಮುಂದೆ ನಿಂತು ಕೇಳುವವರ ಬಾಯಿಗೂ ಅಷ್ಟು ಬಲವಿದೆ.

ಎಂಟಿಆರ್ ವಿಷಯಕ್ಕೆ ಬರುತ್ತೇನೆ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲು ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ದರ ಇಳಿಸಿದಾಗ ಹೋಟೆಲು ನಡೆಸಲಾಗಲಿಲ್ಲ. ಕೆಲಸದವರನ್ನು ಕೈಬಿಡಲಾರದೆ ಪುಡಿ, ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. 2007ರಲ್ಲಿ ಓರ್ಕ್ಲಾ ಕೊಂಡದ್ದು ಈ ಪೊಟ್ಟಣದ ವ್ಯಾಪಾರವನ್ನು. ಹೋಟೆಲು ಇಂದಿಗೂ ಮಯ್ಯರ ಮನೆತನದ್ದೇ. ಹೆಸರೊಂದು, ಒಡೆಯರು ಇಬ್ಬರು. ಸಾರಿನ ಪುಡಿಗೆ ಓರ್ಕ್ಲಾದ ಬಳಿ ಬೇರೆ ಹೆಸರಿರಲಿಲ್ಲ; ಹಣ ಕೊಟ್ಟದ್ದೇ ಆ ಹೆಸರಿಗೆ, ಅಳಿಸುವುದುಂಟೇ?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಇಡುಕ್ಕಿಯ ಅಡಿಮಾಲಿಯಲ್ಲಿ ಹುಟ್ಟಿದ ಈಸ್ಟರ್ನ್ ಮಸಾಲೆಯೂ 2021ರಲ್ಲಿ ಓರ್ಕ್ಲಾದ ಕೈ ಸೇರಿತು. ಕಾಸರಗೋಡಿನ ಯಾವ ದಿನಸಿ ಅಂಗಡಿಗೆ ಹೋದರೂ ಇವೆರಡೂ ಅಕ್ಕಪಕ್ಕ ಇರುತ್ತವೆ. ಇದು ಕನ್ನಡದ ರುಚಿ, ಅದು ಮಲಯಾಳದ ರುಚಿ ಎಂದು ನಾವು ಆರಿಸುತ್ತೇವೆ. ಎರಡರ ದುಡ್ಡೂ ಸೇರುವುದು ಒಂದೇ ಪೆಟ್ಟಿಗೆಗೆ. ರುಚಿ ಕೆಟ್ಟಿದೆ ಎನ್ನಲಾರೆ, ನಮ್ಮ ಮನೆಯಲ್ಲೂ ಅದೇ ಪುಡಿ. ಆದರೆ ಒಡೆಯನ ಹೆಸರು ಹಿಂಬದಿಯ ಸಣ್ಣ ಅಕ್ಷರದಲ್ಲಿ ಅಡಗಿರುವುದು ನನಗೆ ಸರಿ ಕಾಣುವುದಿಲ್ಲ. ನೀವು ತಿರುಗಿಸಿ ನೋಡಿದ್ದು ಒಳ್ಳೆಯದಾಯಿತು.

ಬ್ಯಾಂಕಿನ ಕತೆ ಬೇರೆ. ಅದು ಮಾರಾಟವಲ್ಲ, ಸರಕಾರ ಮಾಡಿದ ವಿಲೀನ. 1931ರಲ್ಲಿ ಎ.ಬಿ. ಶೆಟ್ಟರು ಮಂಗಳೂರಿನಲ್ಲಿ ಕಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಸೇರಿಸಿಕೊಂಡವರಿಗೆ ತಮ್ಮದೇ ಬೋರ್ಡಿತ್ತು, ಇನ್ನೊಂದು ಬೇಕಿರಲಿಲ್ಲ. ಗಡಿಯಾಚೆ ಕೇರಳದಲ್ಲಿ ಉಳಿದ ನಮಗೆ ಈ ಹೆಸರುಗಳು ಕರಾವಳಿಯ ನೆಂಟರಿದ್ದಂತೆ ಇದ್ದವು. ನಿಮಗಾದ ಬೇಸರ ನನಗೂ ಆಗಿದೆ.

ಆದರೂ ಒಂದು ಹೆಸರನ್ನು ಯಾವ ವಿಲೀನವೂ ಇಳಿಸಲಿಲ್ಲ. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟಿನವರು 1928ರಲ್ಲಿ ಶುರು ಮಾಡಿದ್ದು. ಇಂದು ಯಾವ ಸಹಕಾರಿ ಸಂಘದವರು ಅಂಗಡಿಗೆ ಬಂದರೂ "ಪಿಗ್ಮಿಯವರು ಬಂದರು" ಎಂದೇ ನಾವು ಹೇಳುವುದು.

ಅಜ್ಜನ ಪಾಸ್‌ಬುಕ್ ಮನೆಯಲ್ಲಿದ್ದರೆ ರಟ್ಟಿನ ಚಿತ್ರ ತೆಗೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಸಂಪಾದಕ