ಮಾತಿಗಿಂತ ಮೊದಲು ಕೂಗು ಬಂತು

"ಮಗನಿಗೆ ಎರಡು ವರ್ಷ ಮೂರು ತಿಂಗಳು. ಐದಾರು ಪದ ಬಿಟ್ಟರೆ ಮಾತಿಲ್ಲ. ಇಂಥ ಮಗುವಿರುವ ಮನೆ ಹೇಗಿರುತ್ತದೆ? ನಗುವಂಥದ್ದೇನಾದರೂ ಇದ್ದರೆ ಹೇಳಿ" ಎಂದು ಕೇಳಿದ್ದೀರಿ. ನಗುವಂಥದ್ದು ಬೇಕಾದಷ್ಟಿದೆ. ಆಗ ನಕ್ಕಿದ್ದು ಕಡಿಮೆ, ಅಷ್ಟೇ.

ನಾನು ವಿಮಾ ಏಜೆಂಟ್. ಮಾತಿನಲ್ಲೇ ಅನ್ನ ಹುಟ್ಟಿಸಿಕೊಳ್ಳುವವನು. ಅಂಥವನ ಮಗಳಿಗೆ ಎರಡು ತುಂಬಿದಾಗ ಇದ್ದದ್ದು ಏಳು ಪದ. ಆ ವಯಸ್ಸಿಗೆ ಸುಮಾರು 50 ಪದ ಇರಬೇಕು, ಎರಡು ಪದ ಜೋಡಿಸಿ ಹೇಳಬೇಕು ಎಂಬುದು ಸಾಮಾನ್ಯವಾಗಿ ಹಿಡಿಯುವ ಅಳತೆ. "ಗಂಡುಮಕ್ಕಳಾದರೆ ತಡ, ಸರಿ. ಹೆಣ್ಣು ಯಾಕೆ ತಡ?" ಎಂದು ಪಕ್ಕದ ಮನೆಯವರು ನನ್ನನ್ನೇ ಕೇಳುತ್ತಿದ್ದರು, ಉತ್ತರ ನನ್ನ ಜೇಬಿನಲ್ಲಿದೆ ಎಂಬಂತೆ. ಐನ್‌ಸ್ಟೈನ್ ಕೂಡ ತಡವಾಗಿ ಮಾತಾಡಿದ್ದ ಎಂದು ಸಮಾಧಾನ ಹೇಳಿದವರನ್ನು ಹನ್ನೊಂದರವರೆಗೆ ಎಣಿಸಿ ಬಿಟ್ಟೆ. ನಮ್ಮಮ್ಮ ಮಾತ್ರ "ನೀನೂ ಮೂರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಮುಚ್ಚಲೇ ಇಲ್ಲ" ಎಂದರು.

ಮಾತಿಲ್ಲವೆಂದರೆ ಮನೆ ಸದ್ದಿಲ್ಲದೆ ಇತ್ತು ಎಂದುಕೊಳ್ಳಬೇಡಿ. ಹಸಿವಾದರೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಕುಕ್ಕರ್ ಕೂಗುತ್ತಿದ್ದಳು. ತುಟಿ ಚೂಪು ಮಾಡಿ ಮೊದಲು ಸಣ್ಣಗೆ ಬುಸುಗುಟ್ಟುವುದು, ಆಮೇಲೆ ಕೆನ್ನೆ ಉಬ್ಬಿಸಿ ಒಂದೇ ಉಸಿರಿಗೆ 'ಸ್ಸ್ಸ್ಶೂ', ಕೊನೆಗೆ ಆವಿ ಇಳಿಯುವ ಸದ್ದು. ಏನೂ ಬಿಟ್ಟುಹೋಗುತ್ತಿರಲಿಲ್ಲ. ನಮ್ಮಮ್ಮನಿಗೆ ನಡುಮನೆಯಲ್ಲಿ ಕುಳಿತು ಕೂಗು ಎಣಿಸುವ ಅಭ್ಯಾಸ, ತೊಗರಿಬೇಳೆಗೆ ನಾಲ್ಕು. ಒಂದು ಮಧ್ಯಾಹ್ನ ನಾಲ್ಕು ಎಣಿಸಿ "ಒಲೆ ಆರಿಸು" ಎಂದರು, ಆರಿಸಿದೆ. ಮುಚ್ಚಳ ತೆಗೆದರೆ ಬೇಳೆ ಅರ್ಧಂಬರ್ಧ ಬೆಂದು ಕಾಳುಕಾಳಾಗಿಯೇ ಇತ್ತು. ಎರಡು ಕೂಗು ಕುಕ್ಕರಿನದು, ಎರಡು ಮೊಮ್ಮಗಳದು. ಅಂದಿನಿಂದ ಅಮ್ಮ ಪ್ರತಿ ಕೂಗಿಗೂ "ಇದು ಯಾರದು?" ಎಂದು ವಿಚಾರಿಸಿಯೇ ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಹೊರಗೆ ಹೋಗಬೇಕೆಂದರೆ ಹೆಲ್ಮೆಟ್ ಎಳೆದು ತಂದು ನನ್ನ ಕಾಲ ಮೇಲೆ ಹಾಕುತ್ತಿದ್ದಳು. ನೆಂಟರು ಸಾಕೆನಿಸಿದರೆ ಅವರ ಚಪ್ಪಲಿಗಳನ್ನು ಒಂದೊಂದಾಗಿ ಒಳಗೆ ತಂದು ಅವರ ಮುಂದೆಯೇ ಜೋಡಿಸುತ್ತಿದ್ದಳು. ನಾವು "ಮಗು ಆಡುತ್ತಿದೆ" ಎಂದು ನಗುತ್ತಿದ್ದೆವು. ನೆಂಟರಿಗೆ ಅರ್ಥವಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಫಜೀತಿ ಪೂಜೆಯದು. ನಾವು ಮೈಸೂರಿನವರು, ನನ್ನ ಹೆಂಡತಿ ಬೆಳ್ತಂಗಡಿ ಕಡೆಯವಳು, ಮನೆಮಾತು ತುಳು. ತವರಿನಲ್ಲಿ ಒಂದು ತಿಂಗಳಿದ್ದು ಬಂದ ಮೇಲೆ ಮಗಳು ಬೆಳಿಗ್ಗೆ ಕಿಟಕಿ ಹತ್ತಿರ ನಿಂತು "ಪುಚೆ, ಪುಚೆ" ಎನ್ನತೊಡಗಿದಳು. ಆ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೊರಟಾಗಿರುತ್ತಿತ್ತು. ನಮ್ಮಮ್ಮನ ಕಿವಿಗೆ ಅದು "ಪೂಜೆ" ಎಂದು ಬಿತ್ತು. ಅವರ ಕಣ್ಣಲ್ಲಿ ನೀರೇ ಬಂತು. ಮೊಮ್ಮಗಳನ್ನು ಎತ್ತಿಕೊಂಡು ದೇವರ ಮನೆಗೆ ಹೋಗಿ ಗಂಟೆ ಬಾರಿಸಿ ಮಂಗಳಾರತಿ ಎತ್ತಿದರು. ಅವಳು ಕಿಟಕಿಯತ್ತ ಕೈಚಾಚಿ ಅಳುತ್ತಿದ್ದಳು. "ಭಕ್ತಿ ಹೆಚ್ಚಾದರೆ ಹೀಗೆಯೇ" ಎಂದರು ಅಮ್ಮ. ಹೀಗೆ ನಾಲ್ಕು ದಿನ, ದಿನಕ್ಕೆ ಎರಡು ಆರತಿ. ಐದನೆಯ ದಿನ ಭಾನುವಾರ. ಹೆಂಡತಿ ಮನೆಯಲ್ಲಿದ್ದಳು. ಇದನ್ನು ನೋಡಿ ಅಲ್ಲೇ ನೆಲದ ಮೇಲೆ ಕುಳಿತು ನಕ್ಕಳು. ತುಳುವಿನಲ್ಲಿ ಪುಚ್ಚೆ ಎಂದರೆ ಬೆಕ್ಕು. ಕಾಂಪೌಂಡಿನ ಮೇಲೆ ದಿನಾ ಬಂದು ಕೂರುತ್ತಿದ್ದ ಬೂದು ಬೆಕ್ಕು, ಆರತಿ ಮುಗಿಯುವಷ್ಟರಲ್ಲಿ ಹೊರಟುಹೋಗುತ್ತಿತ್ತು.

ಅದಕ್ಕೂ ಮೊದಲು, ಎರಡು ವರ್ಷ ತುಂಬಿದ ಕೂಡಲೇ, ನಾವು ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹೆಸರು ಬರೆಸಿದ್ದೆವು. ಅದು ನಮ್ಮ ಊರಿನಲ್ಲೇ, ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಪಕ್ಕದಲ್ಲೇ ಇದೆ. ಮೊದಲು ನೋಡುವುದು ನಾಲಿಗೆಯನ್ನಲ್ಲ, ಕಿವಿಯನ್ನು. ನೆಗಡಿ ಪದೇ ಪದೇ ಬರುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಮಂದವಾಗಬಹುದು; ಹೆಸರು ಕರೆದಾಗ ತಿರುಗುತ್ತದೆ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ನಮ್ಮವಳ ಕಿವಿ ಚೆನ್ನಾಗಿತ್ತು. ಬೆರಳು ಮಾಡಿ ತೋರಿಸುತ್ತಾಳೆಯೇ, ತೋರಿಸಿ ನಮ್ಮ ಮುಖ ನೋಡುತ್ತಾಳೆಯೇ, ಹೇಳಿದ್ದು ಅರ್ಥವಾಗುತ್ತದೆಯೇ ಎಂದು ಕೇಳಿದರು. ಹೌದು ಎಂದೆವು. ಎರಡು ಭಾಷೆಯಿಂದ ಮಗು ಗೊಂದಲಕ್ಕೆ ಬೀಳುತ್ತದೆ, ತುಳು ನಿಲ್ಲಿಸಿ ಎಂದು ನೆಂಟರು ಹೇಳಿದ್ದನ್ನೂ ಕೇಳಿದೆ. ನಿಲ್ಲಿಸಬೇಕಿಲ್ಲ, ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು ಎಂದರು. ಪುಚ್ಚೆ ಹೀಗೆ ಎಂಟನೆಯ ಪದವಾಯಿತು. ಕುಕ್ಕರನ್ನೂ ಸೇರಿಸಬಹುದೇ ಎಂದು ನಾನು ಚೌಕಾಸಿ ಮಾಡಿದೆ.

ಈ ನಡುವೆ ಮನೆಮದ್ದುಗಳೂ ನಡೆದಿದ್ದವು. ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ನೆಕ್ಕಿಸಿದರೆ ಮಾತು ಬರುತ್ತದೆಂದು ಅಮ್ಮ ಬೇರು ತರಿಸಿದ್ದರು. ಮಕ್ಕಳ ವೈದ್ಯರು ಬೇಡ ಎಂದರು. ತೇಯುವ ಕಲ್ಲು ಅಟ್ಟಕ್ಕೆ ಹೋಯಿತು. ಅತ್ತೆಯದು ಹರಕೆ. ಉಜಿರೆ ಹತ್ತಿರ ಸುರ್ಯ ಎಂಬಲ್ಲಿನ ದೇವಸ್ಥಾನದಲ್ಲಿ ಬೇಡಿಕೊಂಡದ್ದರ ಮಣ್ಣಿನ ಬೊಂಬೆ ಒಪ್ಪಿಸುತ್ತಾರೆ: ಮನೆ ಬೇಕಿದ್ದರೆ ಮಣ್ಣಿನ ಮನೆ, ಮಗು ಬೇಕಿದ್ದರೆ ಮಣ್ಣಿನ ಮಗು. ಮಾತಿಗೆ ಏನು ಒಪ್ಪಿಸುವುದು? ನಾಲಿಗೆಯೋ ಬಾಯಿಯೋ ಎಂದು ಒಂದು ವಾರ ಫೋನಿನಲ್ಲಿ ಚರ್ಚೆ. ಮಾವ "ಅಳಿಯನ ಬೊಂಬೆ ಒಪ್ಪಿಸಿ ಸಾಕು" ಎಂದರಂತೆ.

ಸಂಸ್ಥೆಯವರ ಮಾತಿನ ಥೆರಪಿಯಲ್ಲಿ ಕಷ್ಟವಾದದ್ದು ಮಗಳಿಗಲ್ಲ, ನಮಗೆ. ಅವಳು ಕೇಳುವ ಮೊದಲೇ ನೀವು ಕೊಟ್ಟುಬಿಡುತ್ತೀರಿ, ಅವಳೇಕೆ ಮಾತಾಡಬೇಕು ಎಂದರು. ಬೇಕಾದ ವಸ್ತು ಕಾಣುವಂತಿರಲಿ, ಕೈಗೆ ಸಿಗದಿರಲಿ, ಅವಳ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ "ಬಿಸ್ಕತ್ತು ಬೇಕಾ? ಬಿಸ್ಕತ್ತು" ಎಂದು ಹೇಳಿ ಕೊಡಿ. ಅವಳು ಹೇಳದಿದ್ದರೂ ಕೊಡಿ, ಸತಾಯಿಸಬೇಡಿ. ಹತ್ತು ಎಣಿಸುವಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಹೆಂಡತಿ ಹೇಳುತ್ತಾಳೆ. ಅಮ್ಮನಿಗೆ ಮೂರರ ಮೇಲೆ ಎಣಿಕೆ ಮುಂದೆ ಹೋಗುತ್ತಿರಲಿಲ್ಲ. ಡಬ್ಬಿ ತೆರೆದೇಬಿಡುತ್ತಿದ್ದರು.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಕಿವಿ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಇದ್ದ ಪದಗಳು ಹೋಗುತ್ತಿದ್ದರೆ, ಬೆರಳು ತೋರಿಸುವುದೇ ಇಲ್ಲವಾದರೆ ಒಂದು ದಿನವೂ ಕಾಯಬೇಡಿ. ತಡವಾಗಿ ಮಾತಾಡುವ ಎಷ್ಟೋ ಮಕ್ಕಳು ಆಮೇಲೆ ಸರಿಹೋಗುತ್ತಾರೆ, ನಿಜ. ಆದರೆ ಯಾವ ಮಗು ಎಂದು ಅಜ್ಜಿಯರಿಗೂ ಗೊತ್ತಾಗುವುದಿಲ್ಲ, ನನ್ನಂಥವರಿಗೂ ಗೊತ್ತಾಗುವುದಿಲ್ಲ.

ನಮ್ಮವಳು ಎರಡು ಪದ ಜೋಡಿಸಿದ್ದು ಎರಡು ವರ್ಷ ಹತ್ತು ತಿಂಗಳಿಗೆ. ಖಾಲಿ ಕಾಂಪೌಂಡು ನೋಡಿ "ಪುಚ್ಚೆ ಇಲ್ಲ" ಎಂದಳು, ಅರ್ಧ ತುಳು, ಅರ್ಧ ಕನ್ನಡ. ಈಗ ನಾಲ್ಕೂವರೆ. ನಾನು ಗ್ರಾಹಕರೊಂದಿಗೆ ಫೋನಿನಲ್ಲಿರುವಾಗ ನಡುವೆ ಬಾಯಿ ಹಾಕಿ ಪಾಲಿಸಿ ಬೇಡ ಎಂದುಬಿಡುತ್ತಾಳೆ. ಬೆಕ್ಕು ಈಗ ನಮ್ಮ ಮನೆಯಲ್ಲೇ ಇದೆ. ಅಮ್ಮ ಅದಕ್ಕೆ ಪೂಜೆ ಎಂದೇ ಹೆಸರಿಟ್ಟಿದ್ದಾರೆ. ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು "ಪೂಜೆಗೆ ಹಾಲು ಇಟ್ಟೆಯಾ?" ಎಂದು ಕೂಗಿ ಕೇಳುತ್ತಾರೆ. ಪಕ್ಕದ ಮನೆಯವರಿಗೆ ನಾವು ಬಹಳ ಮಡಿವಂತರು.