ಫೈಸಾರಮ್ ಚಕ್ರವ್ಯೂಹದ ತುಂಬ ಹರಡಿಕೊಂಡೇ ಇದ್ದರೆ
ಫೈಸಾರಮ್ ಎಂಬುದು ಲೋಳೆಯಂಥ ಏಕಕೋಶ ಜೀವಿ (ಸ್ಲೈಮ್ ಮೋಲ್ಡ್); ಚಕ್ರವ್ಯೂಹದ ಎರಡು ತುದಿಗೆ ಊಟ ಇಟ್ಟರೆ ಅದು ನಡುವಿನ ಹತ್ತಿರದ ದಾರಿಗೆ ಕುಗ್ಗುತ್ತದೆ. ನಿಮ್ಮದು ಹಾಗೆ ಕುಗ್ಗದಿದ್ದರೆ, ಕಾರಣ ಬಹುಶಃ ನೀವು ತಳದ ಜೆಲ್ಲಿಯಾದ ಅಗರ್‌ಗೆ ಬೆರೆಸಿರುವ ಓಟ್ಸ್ ಪುಡಿ. ಕಾಲಡಿಯಲ್ಲೇ ಊಟ ಇರುವಾಗ ಅದೇಕೆ ಕುಗ್ಗೀತು? 100 ಮಿ.ಲೀ. ನೀರಿಗೆ 1 ಗ್ರಾಂ ಅಗರ್ ಸಾಕು, ಬೇರೇನೂ ಬೇಡ. ಗೋಡೆಗೆ ಒಣ ಪ್ಲಾಸ್ಟಿಕ್ ಹಾಳೆ ಕತ್ತರಿಸಿಡಿ. ಒಣ ಜಾಗ ದಾಟಲು ಅದು ಹಿಂಜರಿಯುತ್ತದೆ. ಮುಚ್ಚಳದ ಹನಿ ಬಿದ್ದು ಹಾಳೆ ಒದ್ದೆಯಾದರೆ ಗೋಡೆ ಇದ್ದೂ ಇಲ್ಲದಂತೆ. ಮೊದಲು ಫೈಸಾರಮ್ ತುಣುಕುಗಳನ್ನು ದಾರಿಯುದ್ದಕ್ಕೂ ಇಟ್ಟು, ಅವು ಕೂಡಿ ಒಂದೇ ಜೀವಕೋಶವಾಗುವವರೆಗೆ ಕಾಯಿರಿ. ಆಮೇಲಷ್ಟೇ ಎರಡು ತುದಿಗೆ ಓಟ್ಸ್ ಇಟ್ಟು, ಕತ್ತಲಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡಿ. 2000ದಲ್ಲಿ ಈ ಪ್ರಯೋಗ ಪ್ರಕಟಿಸಿದ ಜಪಾನಿನ ವಿಜ್ಞಾನಿ ನಾಕಾಗಾಕಿ ತಂಡದ ಕ್ರಮವೂ ಇದೇ. ಫೈಸಾರಮ್‌ನ ಮೈಯೇ ಕೊಳವೆಗಳ ಜಾಲ; ಒಳಗಿನ ದ್ರವದ ಹರಿವು ಹೆಚ್ಚಿದ ಕೊಳವೆ ದಪ್ಪಗಾಗುತ್ತದೆ, ಕಡಿಮೆಯಾದದ್ದು ಸೊರಗುತ್ತದೆ. ಮಿದುಳಿಲ್ಲದ ಈ ಜೀವಿಯ ‘ಆಯ್ಕೆ’ ನಡೆಯುವುದು ಅಲ್ಲೇ. ಎರಡು ದಾರಿಗಳ ಉದ್ದ ಹೆಚ್ಚುಕಡಿಮೆ ಸಮವಿದ್ದರೆ ಎರಡನ್ನೂ ಉಳಿಸಿಕೊಳ್ಳಬಹುದು, ಹಾಗಾಗಿ ವ್ಯತ್ಯಾಸ ಎದ್ದು ಕಾಣುವಂತೆ ಕತ್ತರಿಸಿ.